ಒಬ್ಬರ ಅಳತೆ

“ಬಸ್ಸಿನ್ಯಾಗ ಅದೀನಿ, ಮೇಧಾ,” ಎಂದು ಫೋನಿಗೆ ಹೇಳಿ ನೀಲಾಂಬಿಕಾ ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನಿನ ಗುಂಡಿ ಒತ್ತಿದಳು. ಹಳೆಯ ಅಪಾರ್ಟ್‌ಮೆಂಟಿನ ಹಳೆಯ ಫ್ಯಾನು. ಮೊದಲು ಒಂದೆರಡು ಸಲ ಕೆಮ್ಮಿ, ಆಮೇಲೆ ಗುಂಯ್ ಎಂದು ಹಿಡಿದುಕೊಳ್ಳುತ್ತಿತ್ತು. ಕೆಳಗಿನ ಲಾರೆನ್ಸ್ ರಸ್ತೆಯ ಬಸ್ಸು ಸಿಗ್ನಲ್ ಬಿಟ್ಟು ಹೊರಟಾಗಿನ ಸದ್ದಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

“ಟ್ಯಾಬ್ ಕೈಯಾಗ ಐತಿ, ರೈಟ್?” ಮಗಳು ಕೇಳಿದಳು.

“ಹೂಂ, ಐತಿ.” ಕೈಯಲ್ಲಿ ಜೋಳದ ಹಿಟ್ಟಿತ್ತು. ಫೋನು ಸ್ಪೀಕರಿನಲ್ಲಿ, ಉಪ್ಪಿನ ಡಬ್ಬಿಗೆ ಒರಗಿ ನಿಂತಿತ್ತು.

“ಒಂದ ಕೈಯಾಗೋ, ಎರಡೂ ಕೈಯಾಗೋ?”

“ಒಂದ ಕೈಯಾಗ. ಇನ್ನೊಂದರಾಗ ಕಂಬಿ ಹಿಡದೀನಿ.”

“ಓ, ದಟ್ಸ್ ಗ್ರೇಟ್.” ಆ ಕಡೆ ಕೀಬೋರ್ಡಿನ ಟಕಟಕ ಶುರುವಾಯಿತು. “ಯಾಕ, ಸೀಟ್ ಸಿಗಲಿಲ್ಲ?”

ನೀಲಾಂಬಿಕಾ ಇದನ್ನು ಯೋಚಿಸಿರಲಿಲ್ಲ. ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ತಿರುಗಿಸುತ್ತ, “ಸಿಕ್ಕಿತ್ತವ್ವಾ. ಒಬ್ಬಾಕಿ ಬಸರಿ ಹೆಣಮಗಳು ಹತ್ತಿದಳು. ಬಿಟ್ಟುಕೊಟ್ಟೆ,” ಎಂದಳು.

“ಅಮ್ಮಾ! ನಿನ್ನ ಮೊಣಕಾಲು?”

“ಮೊಣಕಾಲಿಗೇನಾಗೇತಿ? ಈಗೇನು ನಡದು ಹೊಂಟೀನೇನು, ಬಸ್ಸಿನ್ಯಾಗ ಅದೀನಿ.”

ಮೇಧಾ ನಕ್ಕಳು. ಆ ನಗು ಬಂದರೆ ಮಾತು ಇನ್ನಷ್ಟು ಹೊತ್ತು ನಡೆಯುತ್ತದೆಂದು ನೀಲಾಂಬಿಕಾಗೆ ಗೊತ್ತಾಗಿತ್ತು. ಅಕ್ಷರ ಸಣ್ಣವಾದವೇ, ಕೈ ನೋಯಿತೇ, ಹೊರಗಿನ ಬೆಳಕಿಗೆ ಕಾಣುತ್ತದೆಯೇ ಎಂದು ಮಗಳು ಒಂದೊಂದಾಗಿ ಕೇಳಿದಳು. ನೀಲಾಂಬಿಕಾ ಒಂದೊಂದಕ್ಕೂ ಬಸ್ಸನ್ನು, ಕಿಟಕಿಯನ್ನು, ಹೊರಗೆ ಬೀಳುವ ಹಿಮವನ್ನು ಸೇರಿಸಿ ಉತ್ತರ ಕೊಟ್ಟಳು. ಕೊನೆಗೆ ಮೇಧಾ “ಓಕೆ ಅಮ್ಮಾ, ನಿನ್ನ ಸ್ಟಾಪ್ ಬಂತೇನು?” ಎಂದಳು. “ಬಂತು ಬಂತು,” ಎಂದು ನೀಲಾಂಬಿಕಾ ಫೋನಿಟ್ಟು, ಫ್ಯಾನು ಆರಿಸಿದಳು. ಪಕ್ಕದ ಮನೆಯವರು ನಲ್ಲಿ ಬಿಟ್ಟದ್ದು ಗೋಡೆಯೊಳಗಿಂದ ಕೇಳಿಸಿತು.

ಟ್ಯಾಬ್ ಇದ್ದದ್ದು ದೇವರ ಜಗುಲಿಯ ಕೆಳಗಿನ ಖಾನೆಯಲ್ಲಿ. ಗುಳೇದಗುಡ್ಡದ ಖಣವೊಂದರಲ್ಲಿ ಸುತ್ತಿ ಇಟ್ಟಿದ್ದಳು. ತಂದ ದಿನವೇ ಅದರ ಬೆನ್ನಿಗೆ ಮೂರು ಬೆರಳಿನಿಂದ ವಿಭೂತಿ ಹಚ್ಚಿದ್ದಳು. ಕಂಪನಿಯ ಹೆಸರು ಕಾಣದಂತೆ ಅಲ್ಲೊಂದು ಕಪ್ಪು ಪಟ್ಟಿ ಅಂಟಿಸಿದ್ದರು. ವಿಭೂತಿ ಅದರ ಮೇಲೆ ಚೆನ್ನಾಗಿ ಕೂತಿತ್ತು. ಪರದೆಯ ಮೇಲಿನ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ತೆಗೆದಿರಲಿಲ್ಲ. ವಾಪಸ್ ಕೊಡಬೇಕಾದ ವಸ್ತು, ಪರರದು. ತಮ್ಮದೇ ಆದದ್ದರ ಮೇಲಿನ ಪ್ಲಾಸ್ಟಿಕ್ಕನ್ನೂ ಆ ಮನೆಯಲ್ಲಿ ಯಾರೂ ಅವಸರದಿಂದ ತೆಗೆದವರಲ್ಲ. ಸೋಫಾದ ಕವರು ತೆಗೆಯುವಷ್ಟರಲ್ಲಿ ಸೋಫಾದ ಕಾಲೇ ಮುರಿದಿತ್ತು. ಟಿವಿಯ ರಿಮೋಟು ಇಂದಿಗೂ ಚೀಲದೊಳಗೇ ಇತ್ತು.

ಇದು ಮೇಧಾಳ ಕಂಪನಿ ಹೊಸದಾಗಿ ತರಬೇಕೆಂದಿರುವ ಸಣ್ಣ ಟ್ಯಾಬ್. ಅಂಗೈಗಿಂತ ತುಸು ದೊಡ್ಡದು. ತಾವಾಗಿ ಟ್ಯಾಬ್ ಕೊಂಡೇ ಇರದ ವಯಸ್ಸಾದವರು ಇದನ್ನು ಕೊಂಡಾರೆಯೇ ಎಂದು ತಿಳಿಯಲು, ಕಂಪನಿಯವರು ತಮ್ಮ ಕೆಲಸಗಾರರ ಮನೆಗಳಿಗೇ ಕೆಲವನ್ನು ಬಳಸಲು ಕಳಿಸಿದ್ದರು. “ದಿನಾ ಯೂಸ್ ಮಾಡು. ಸಂಜಿಕ ನಾ ಫೋನ್ ಮಾಡಿ ಕೇಳ್ತೀನಿ,” ಎಂದು ಮೇಧಾ ಹೇಳಿದ್ದಳು. ಮೊದಲ ದಿನ ಅವಳು “ಯೂಸ್ ಮಾಡಿದ್ಯಾ?” ಎಂದಾಗ ನೀಲಾಂಬಿಕಾ “ಮಾಡಿದೆ” ಎಂದುಬಿಟ್ಟಳು. ಸುಳ್ಳು ಹೇಳಬೇಕೆಂದಲ್ಲ. ಅವಳ ಊರಿನ ಕಡೆ ಯಾರಾದರೂ “ಊಟ ಆತೇನ್ರಿ?” ಎಂದರೆ ಹೊಟ್ಟೆ ಚುರುಗುಡುತ್ತಿದ್ದರೂ “ಆತ್ರಿ” ಎನ್ನುವುದು ಪದ್ಧತಿ. ಕೇಳಿದವರಿಗೆ ತೊಂದರೆಯಾಗಬಾರದು ಎಂಬಷ್ಟೇ ಅದರ ಅರ್ಥ. ಅದೇ ನಾಲಿಗೆಯಿಂದ ಬಂದ ಮಾತದು.

ಆದರೆ ಮೇಧಾ ಅಲ್ಲಿಗೆ ಬಿಡಲಿಲ್ಲ. “ಎಲ್ಲಿ ಕೂತು? ಏನ್ ನೋಡಿದಿ? ಎಷ್ಟೊತ್ತು?” ಎಂದು ಕೇಳಿದಳು. ಕೇಳಿ ಸುಮ್ಮನಾಗದೆ, ಉತ್ತರಕ್ಕೆ ಕಾದಳು. ಪಕ್ಕದ ಊರು ಮಿಸ್ಸಿಸಾಗಾದಲ್ಲಿ ಮನೆ ಮಾಡಿದ ಮೇಲೆ ಅವಳು ಭಾನುವಾರ ಬಂದರೆ ಬಂದಳು, ಇಲ್ಲದಿದ್ದರೆ ಇಲ್ಲ. ಫೋನು ಮಾಡಿದರೆ “ಮೀಟಿಂಗ್‌ನಾಗ ಅದೀನಿ, ಕಾಲ್ ಯೂ ಬ್ಯಾಕ್” ಎನ್ನುತ್ತಿದ್ದಳು. ಈಗ ದಿನಾ ಸಂಜೆ, ಹೊರಗೆ ಬೀದಿದೀಪ ಹತ್ತುವ ಹೊತ್ತಿಗೆ ಫೋನು ಬರುತ್ತಿತ್ತು. ನೀಲಾಂಬಿಕಾ ಏನು ಹೇಳಿದರೂ ಮಗಳು ಬರೆದುಕೊಳ್ಳುತ್ತಿದ್ದಳು. ಹಾಗೆ ಸಣ್ಣ ಟ್ಯಾಬ್ ಲಾಂಡ್ರಿ ಕೋಣೆಗೆ ಹೋಯಿತು, ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯಿತು, ಕಡಲೆಬೇಳೆ ಹುರಿಯುವಾಗ ಒಲೆಯ ಪಕ್ಕ ನಿಂತಿತು, ಇವತ್ತು ಬಸ್ಸೂ ಹತ್ತಿತು. ಖಣದ ಗಂಟು ಮಾತ್ರ ಬಿಚ್ಚಲಿಲ್ಲ.

*

ನೀಲಾಂಬಿಕಾ ಕೆಲಸ ಮಾಡುತ್ತಿದ್ದದ್ದು ಮನೆಯಿಂದ ನಾಲ್ಕು ಸ್ಟಾಪಿನಾಚೆ, ಸಣ್ಣ ಪ್ಲಾಜಾದ ಡ್ರೈಕ್ಲೀನರ್ ಅಂಗಡಿಯಲ್ಲಿ. ಹಿಂದಿನ ಮೂಲೆಯಲ್ಲಿ ಅವಳ ಹೊಲಿಗೆ ಮಷೀನು. ಪ್ಯಾಂಟು ಗಿಡ್ಡ ಮಾಡುವುದು, ಕೋಟಿನ ಬಗಲು ಬಿಡಿಸುವುದು, ಮದುವೆ ಲೆಹಂಗಾಗಳ ಸೊಂಟ ಹಿಡಿಯುವುದು. ಮುಂದಿನ ಕೌಂಟರಿನಲ್ಲಿ ವೇದವತಿ. ಮೈಸೂರಿನವಳು, ಬಾಯಿಗೆ ಬೀಗವಿಲ್ಲದವಳು.

“ಏನ್ರೀ ನೀಲಾಂಬಿಕಾ, ಮುಖ ಇವತ್ತು ಅರಳಿದ ಹೂವಿನ ಹಾಗಿದೆ?” ವೇದವತಿ ಹ್ಯಾಂಗರುಗಳನ್ನು ಸರಿಸುತ್ತ ಕೇಳಿದಳು. “ಮಗಳು ಫೋನ್ ಮಾಡಿದ್ಲಾ?”

“ದಿನಾ ಮಾಡ್ತಾಳಲ್ರೀ ಈಗ.”

“ನನ್ನ ಮಗ ಮಾಡೋದು ಪಾಸ್‌ವರ್ಡ್ ಮರೆತಾಗ. ನಿಮ್ಮೋಳು ಏನ್ ಕೇಳ್ತಾಳೆ?”

ನೀಲಾಂಬಿಕಾ ಹೇಳಿದಳು. ಎಷ್ಟು ಹೊತ್ತು ನೋಡಿದೆ, ಕಣ್ಣು ನೊಂದವೇ, ಎಲ್ಲಿ ಇಟ್ಟುಕೊಂಡೆ, ಇನ್ನೂ ಸ್ವಲ್ಪ ಕಡಿಮೆ ಬೆಲೆಗಾದರೆ ಕೊಳ್ಳುತ್ತೀಯಾ.

ವೇದವತಿ ಒಂದು ಶರ್ಟಿಗೆ ಚೀಟಿ ಚುಚ್ಚುತ್ತ ನಿಂತಳು. “ಅದು ನಿಮ್ಮನ್ನ ವಿಚಾರಿಸಿದ್ದಾಗ್ಲಿಲ್ಲ ಕಣ್ರೀ. ಟ್ಯಾಬನ್ನ ವಿಚಾರಿಸಿದ್ದು,” ಎಂದು ನಕ್ಕಳು. ಆಮೇಲೆ ನೀಲಾಂಬಿಕಾ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿರುವುದನ್ನು ಕಂಡು, “ಅಯ್ಯೋ, ತಮಾಷೆಗಂದೆ ಮಾರಾಯ್ರೇ. ಚಹಾ ಮಾಡ್ಲಾ?” ಎಂದಳು.

“ಮಾಡ್ರಿ. ಸಕ್ಕರಿ ಕಡಿಮಿ ಹಾಕ್ರಿ,” ಎಂದಳು ನೀಲಾಂಬಿಕಾ. ದಾರ ಎರಡು ಸಲ ಸೂಜಿಯ ಪಕ್ಕದಿಂದ ಜಾರಿತು.

*

ಭಾನುವಾರ ಮೇಧಾ ಬಂದಳು. ಬಂದವಳೇ ಬೂಟು ಬಿಚ್ಚಿ, ಕೋಟನ್ನು ಅಪ್ಪನ ಕುರ್ಚಿಯ ಮೇಲೆ ಎಸೆದು, ಅಡುಗೆಮನೆಯ ಸಣ್ಣ ಮೇಜಿನ ಮುಂದೆ ಕೂತಳು. ಕಣ್ಣ ಕೆಳಗೆ ಕಪ್ಪಾಗಿತ್ತು. ನೀಲಾಂಬಿಕಾ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ, ಎಣ್ಣೆಗಾಯಿ ಬದನೆಕಾಯಿ ಬಡಿಸಿದಳು. ಮೊದಲ ರೊಟ್ಟಿಯನ್ನು ಮಗಳು ತಲೆ ಎತ್ತದೆ ಮುಗಿಸಿದಳು.

“ಸಣಕಲಾಗೀಯಲಾ.”

“ಎವ್ರಿ ಸಂಡೇ ಇದನ್ನ ಅಂತೀ ಅಮ್ಮಾ.”

“ಎವ್ರಿ ಸಂಡೇ ಆಗ್ತೀಯಲಾ.”

ಮೇಧಾಗೆ ನಗು ಬಂತು. ಎರಡನೆಯ ರೊಟ್ಟಿ ಮುರಿಯುತ್ತ ಅವಳು ಆಫೀಸಿನ ಸುದ್ದಿ ತೆಗೆದಳು. ಸಣ್ಣ ಟ್ಯಾಬ್ ತರಬೇಕೆಂಬುದು ಅವಳದೇ ಹಟ. ಮೇಲಿನವರಿಗೆ ಅನುಮಾನ. ನೀಲಾಂಬಿಕಾಗೆ ತಿಳಿಯಲೆಂದು ಅವಳು ಎದ್ದು ಕಪಾಟಿನಿಂದ ಸ್ಟೀಲಿನ ಡಬ್ಬಿಗಳನ್ನು ಇಳಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಜೀರಿಗೆಯ ಡಬ್ಬಿ, ಬೆಲ್ಲದ ಡಬ್ಬಿ, ಅವಲಕ್ಕಿಯ ಡಬ್ಬಿ.

“ನೋಡು, ಇದು ಫೋನ್. ಇದು ನಮ್ಮ ದೊಡ್ಡ ಟ್ಯಾಬ್. ಇದು ಲ್ಯಾಪ್‌ಟಾಪ್. ಸಣ್ಣದ್ದರ ರೇಟು ಕಡಿಮಿ, ದೊಡ್ಡದ್ದರದು ಜಾಸ್ತಿ. ಸ್ಟೆಪ್ಸ್ ಇದ್ದಂಗ. ಈಗ ಫೋನಿಗೂ ದೊಡ್ಡ ಟ್ಯಾಬಿಗೂ ನಡುವ ಇದು ಬರತೈತಿ.” ಅವಳು ಏಲಕ್ಕಿಯ ಪುಟ್ಟ ಡಬ್ಬಿಯನ್ನು ನಡುವೆ ತೂರಿಸಿದಳು. “ಭಾಳ ಚೀಪ್ ಮಾಡಿದ್ರ ಎಲ್ಲಾರೂ ಇದನ್ನ ತಗೋತಾರ. ದೊಡ್ಡದನ್ನ ಯಾರೂ ತಗೊಳ್ಳಂಗಿಲ್ಲ. ಭಾಳ ತುಟ್ಟಿ ಮಾಡಿದ್ರ, ದೊಡ್ಡದನ್ನ ತಗೋತೀವಿ ಇದ್ಯಾಕ ಅಂತಾರ.”

“ಸಣ್ಣ ಕುಕ್ಕರ್ ಹಂಗ,” ಎಂದಳು ನೀಲಾಂಬಿಕಾ.

“ಏನು?”

“ನಿಮ್ಮಪ್ಪ ಹೋದ ಮ್ಯಾಲ ಸಣ್ಣ ಕುಕ್ಕರ್ ತರಾಕ ಹೋಗಿದ್ದೆ. ದೊಡ್ಡದರಾಗ ಒಂದು ಹಿಡಿ ಅಕ್ಕಿ ತಳಾ ಹಿಡೀತಿತ್ತು. ಅರ್ಧಾ ಅಳತಿದ್ದು, ರೇಟು ನೋಡಿದ್ರ ಅರ್ಧಾ ಇಲ್ಲ. ದೊಡ್ಡದಕ್ಕ ಹತ್ತಿರ ಹತ್ತಿರಾನ ಐತಿ.”

“ಮತ್ತ ತಂದ್ಯಲಾ?”

“ತಂದೆ. ಮತ್ತೇನ್ ಮಾಡ್ಲಿ?”

ಮೇಧಾ ಊಟದ ಕೈಯನ್ನು ತಟ್ಟೆಯಲ್ಲೇ ಬಿಟ್ಟು, ಎಡಗೈಯಿಂದ ಫೋನಿನಲ್ಲಿ ಏನೋ ಬರೆದುಕೊಂಡಳು. ಬರೆದು ಮುಗಿಸಿ, ಬೆಲ್ಲದ ಡಬ್ಬಿಯನ್ನು ತುಸು ಅವಲಕ್ಕಿ ಡಬ್ಬಿಯ ಕಡೆ ಸರಿಸಿದಳು. ಸಣ್ಣದು ಬಂದ ಮೇಲೆ ದೊಡ್ಡ ಟ್ಯಾಬಿಗೆ ಕೀಬೋರ್ಡು, ಪೆನ್ನು ಸೇರಿಸಿ ಬೆಲೆ ಏರಿಸುತ್ತಾರಂತೆ. ಈಗಿನ ಸಾದಾ ದೊಡ್ಡ ಟ್ಯಾಬನ್ನು ನಿಲ್ಲಿಸಿಬಿಡುತ್ತಾರಂತೆ.

“ಇನ್ನೊಂದು,” ಎಂದು ಅವಳು ಡಬ್ಬಿಯ ಮುಚ್ಚಳವನ್ನು ತಿರುಗಿಸತೊಡಗಿದಳು. “ಇದು ಓಕೆ ಆದ್ರ, ಸಣ್ಣ ಟ್ಯಾಬಿಂದ ಟೀಮು ವ್ಯಾಂಕೂವರ್‌ನಾಗ ಮಾಡ್ತಾರ. ನನಗ ಲೀಡ್ ಮಾಡು ಅಂತಾರ. ಐ ಮೀನ್, ಇನ್ನಾ ಹೇಳಿಲ್ಲ. ಆದ್ರ ಹಂಗ ಐತಿ.”

“ವ್ಯಾಂಕೂವರ್.”

“ಐದ ತಾಸು ಫ್ಲೈಟ್, ಅಮ್ಮಾ. ಇಂಡಿಯಾ ಅಲ್ಲ.”

“ಅಲ್ಲಿ ಹಿಮ ಕಡಿಮಿ ಅಂತ,” ಎಂದಳು ನೀಲಾಂಬಿಕಾ. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕರಿದಾಗಿತ್ತು. ಅದನ್ನು ತಾನೇ ತಿನ್ನಲು ಬದಿಗಿಟ್ಟಳು.

ಹೊರಡುವಾಗ ಮೇಧಾ, “ಟ್ಯಾಬ್ ಎಲ್ಲೈತಿ? ತೋರ್ಸು,” ಎಂದಳು. ನೀಲಾಂಬಿಕಾ ಮಲಗುವ ಕೋಣೆಯಲ್ಲಿ ಚಾರ್ಜಿಗಿಟ್ಟಿದ್ದೇನೆ ಎಂದಳು. ಮೇಧಾ ಬೂಟಿನ ಲೇಸು ಕಟ್ಟಿಯಾಗಿತ್ತು, ಒಳಗೆ ಹೋಗಲಿಲ್ಲ. “ಸ್ಯಾಟರ್‌ಡೇ ಬಂದು ಒಯ್ತೀನಿ. ಅವತ್ತು ಲಾಸ್ಟ್ ಇಂಟರ್‌ವ್ಯೂ, ರೆಕಾರ್ಡ್ ಮಾಡ್ತೀನಿ. ಎಲ್ಲಾರೂ ನನಗ ಏನ್ ಬೇಕೋ ಅದನ್ನ ಹೇಳಾಕತ್ತಾರ ಅಮ್ಮಾ. ನೀ ಒಬ್ಬಾಕಿ ಡೀಟೇಲ್ಸ್ ಹೇಳ್ತೀ. ಬಸರಿ ಹೆಂಗಸು, ಕಂಬಿ. ನನ್ನ ಬಾಸ್‌ಗೆ ನಿನ್ನ ಬಸ್ಸಿನ ಕಥಿ ಭಾಳ ಸೇರೇತಿ,” ಎಂದು ತಾಯಿಯ ಹೆಗಲಿಗೆ ಗಲ್ಲ ಒತ್ತಿ ಹೋದಳು.

ಲಿಫ್ಟಿನ ಬಾಗಿಲು ಮುಚ್ಚುವವರೆಗೆ ನೀಲಾಂಬಿಕಾ ಹೊಸ್ತಿಲಲ್ಲಿ ನಿಂತಿದ್ದಳು.

*

ಮರುದಿನ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಅವಳು ಖಾನೆಯಿಂದ ಗಂಟು ತೆಗೆದಳು. ಶನಿವಾರ ಏನು ಹೇಳಬೇಕೆಂಬುದು ಅವಳಿಗೆ ಗೊತ್ತಿತ್ತು. “ಬ್ಯಾಡ ಮೇಧಾ, ಇದು ನನಗ ಸೇರಲಿಲ್ಲ, ಕಣ್ಣಿಗೆ ಹಿಡಸಂಗಿಲ್ಲ,” ಎಂದರೆ ಸಾಕು. ಅದು ಪೂರ್ತಿ ಸುಳ್ಳೂ ಅಲ್ಲ. ಅಷ್ಟಕ್ಕೆ ವ್ಯಾಂಕೂವರಿನ ಮಾತು ನಿಲ್ಲುತ್ತದೋ ಇಲ್ಲವೋ, ತುಸು ಅಲುಗಾಡಬಹುದು. ಅಲುಗಾಡಿದರೆ ಭಾನುವಾರಗಳು ಉಳಿಯಬಹುದು. ಆದರೆ ನೋಡದೆಯೇ ಚೆನ್ನಾಗಿದೆ ಎಂದದ್ದಾಗಿತ್ತು. ನೋಡದೆಯೇ ಕೆಟ್ಟದಿದೆ ಎನ್ನಲು ಯಾಕೋ ಅವಳಿಗೆ ಮನಸ್ಸು ಬರಲಿಲ್ಲ.

ಅವಳು ಉಗುರಿನಿಂದ ಪ್ಲಾಸ್ಟಿಕ್ ಹಾಳೆಯ ಮೂಲೆ ಎಬ್ಬಿಸಿದಳು. ಹಾಳೆ ಸರ್ ಎಂದು ಒಂದೇ ಎಳೆತಕ್ಕೆ ಬಂತು. ಒಳಗಿನ ಗಾಜು ಕಪ್ಪು ನೀರಿನ ಹಾಗಿತ್ತು. ಅದರಲ್ಲಿ ಅವಳ ಮುಖ, ಹಣೆಯ ವಿಭೂತಿ ಕಂಡವು. ಹಾಳೆಯನ್ನು ಎಸೆಯಲು ಮನಸ್ಸಾಗದೆ ಅಡುಗೆಮನೆಯ ಕಿಟಕಿಯ ಗಾಜಿಗೆ ಅಂಟಿಸಿದಳು. ಅದು ಅಲ್ಲೇ ಹಿಡಿದು ನಿಂತಿತು.

ಅಂದು ಅವಳು ನಿಜವಾಗಿ ಟ್ಯಾಬನ್ನು ಬಸ್ಸಿಗೆ ಒಯ್ದಳು. ಸೀಟು ಸಿಕ್ಕಿತು. ಬಸರಿ ಹೆಂಗಸರು ಯಾರೂ ಹತ್ತಲಿಲ್ಲ. ಧಾರವಾಡದ ಯಾವುದೋ ಓಣಿಯ ಹೆಣ್ಣುಮಗಳೊಬ್ಬಳು ಗುರೆಳ್ಳು ಚಟ್ನಿ ಕುಟ್ಟುವ ವಿಡಿಯೋ ಹಾಕಿಕೊಂಡಳು. ಕೈಗೆ ಭಾರವಿರಲಿಲ್ಲ. ಹೆಬ್ಬೆರಳು ಈ ಅಂಚಿನಿಂದ ಆ ಅಂಚಿಗೆ ತಲುಪುತ್ತಿತ್ತು. ಒಳ್ಳೆಯ ವಸ್ತು ಎಂದುಕೊಂಡಳು. ಪಕ್ಕದಲ್ಲಿ ತನ್ನದೇ ವಯಸ್ಸಿನ ತಮಿಳು ಹೆಂಗಸೊಬ್ಬಳು ಕೂತಿದ್ದಳು. ಒನಕೆಯ ಸದ್ದಿಗೆ ಆಕೆ ಒಮ್ಮೆ ಇತ್ತ ಬಾಗಿದಳು. ನೋಡಲು ಕುತ್ತಿಗೆ ಚಾಚಿದಳು. ಏನೂ ಕಾಣಲಿಲ್ಲವೆಂದು ತೋರಿತು. ನೀಲಾಂಬಿಕಾ ಟ್ಯಾಬನ್ನು ಆಕೆಯ ಕಡೆ ತಿರುಗಿಸಿದಳು. ಆಗ ತನಗೆ ಕಾಣಲಿಲ್ಲ. ಇಬ್ಬರ ನಡುವೆ ಹಿಡಿದರೆ ಇಬ್ಬರಿಗೂ ಬೆಳಕಷ್ಟೇ. ಆಕೆ ನಕ್ಕು, ಕೈಯಾಡಿಸಿ, ಕಿಟಕಿಯಾಚೆ ನೋಡತೊಡಗಿದಳು.

ಮನೆಯಲ್ಲೊಂದು ಹಳೆಯ ದೊಡ್ಡ ಟ್ಯಾಬ್ ಇತ್ತು. ವುಡ್‌ಬ್ರಿಡ್ಜಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಗ ಗಂಡ ಶಂಕರಪ್ಪ ತಂದದ್ದು. ಅದು ಕೆಟ್ಟು ವರ್ಷಗಳಾಗಿದ್ದವು. ಊಟವಾದ ಮೇಲೆ ಅದನ್ನು ಇಬ್ಬರ ನಡುವೆ ದಿಂಬಿಗೆ ಒರಗಿಸಿ ಧಾರಾವಾಹಿ ನೋಡುತ್ತಿದ್ದರು. ಅರ್ಧಕ್ಕೆ ಶಂಕರಪ್ಪ ನಿದ್ದೆಹೋಗುತ್ತಿದ್ದ. ಮರುದಿನ “ಆಮ್ಯಾಲೇನಾತು?” ಎಂದು ಕೇಳುತ್ತಿದ್ದ. ಅವಳು ಕೆಲವು ಸಲ ಆಗದೇ ಇದ್ದದ್ದನ್ನೂ ಸೇರಿಸಿ ಹೇಳುತ್ತಿದ್ದಳು. ಅವನಿಗೆ ಗೊತ್ತಾಗುತ್ತಿತ್ತೋ ಏನೋ. ಎಂದೂ ಅಡ್ಡ ಬಾಯಿ ಹಾಕಲಿಲ್ಲ.

ಇಳಿಯುವ ಸ್ಟಾಪು ದಾಟಿಹೋದದ್ದು ಅವಳಿಗೆ ತಿಳಿದದ್ದು ಮುಂದಿನ ಸಿಗ್ನಲ್ಲಿನಲ್ಲಿ.

*

ಶನಿವಾರ ಮೇಧಾ ಬಂದಾಗ ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ಅವಳು ಫೋನನ್ನು ರೆಕಾರ್ಡಿಗೆ ಹಾಕಿ ಮೇಜಿನ ನಡುವೆ ಇಟ್ಟು, ದನಿ ಬದಲಿಸಿ, ಇಂಗ್ಲಿಷಿನಲ್ಲಿ ತಾರೀಖು ಹೇಳಿದಳು. ಹೇಳುತ್ತ ಕಿಟಕಿಯ ಕಡೆ ನೋಡಿದವಳು ಅರ್ಧಕ್ಕೆ ನಿಂತಳು.

“ಅಮ್ಮಾ, ಅದು ಸ್ಕ್ರೀನ್ ಫಿಲ್ಮ್ ಅಲ್ಲಾ?”

“ಹೂಂ.”

“ಯಾವಾಗ ತಗದಿ?”

ಬೇಳೆ ಉಕ್ಕುವುದರಲ್ಲಿತ್ತು. ನೀಲಾಂಬಿಕಾ ಉರಿ ಸಣ್ಣ ಮಾಡಿದಳು. “ಸೋಮವಾರ,” ಎಂದಳು.

“ಈ ಮಂಡೇ?” ಮೇಧಾ ಹುಬ್ಬು ಗಂಟು ಹಾಕಿದಳು. “ಅದರ ಮ್ಯಾಲಿಂದ ಟಚ್ ಸರಿ ಬರಂಗಿಲ್ಲ ಅಮ್ಮಾ. ಬಸ್ಸಿನ್ಯಾಗ ನೀ ಓದಿದ್ದು? ಲಾಂಡ್ರಿ? ಕ್ಲಿನಿಕ್?”

ನೀಲಾಂಬಿಕಾ ಕೈ ಮೇಲೆತ್ತಿ ಎಕ್ಸಾಸ್ಟ್ ಫ್ಯಾನಿನ ಗುಂಡಿ ಒತ್ತಿದಳು. ಅದು ಕೆಮ್ಮಿ, ಗುಂಯ್ ಎಂದು ಹಿಡಿದುಕೊಂಡಿತು.

ಮೇಧಾ ಒಂದು ಕ್ಷಣ ಅರ್ಥವಾಗದೆ ಕೇಳಿಸಿಕೊಂಡಳು. ಅರ್ಥವಾದಾಗ ಬಾಯಿ ತೆರೆದು ನಕ್ಕುಬಿಟ್ಟಳು. “ಓ ಮೈ ಗಾಡ್. ಬಸ್ಸು?” ನಗುತ್ತಲೇ ಇದ್ದಳು, ಆಮೇಲೆ ನಗು ಎಲ್ಲೋ ನಿಂತುಹೋಯಿತು. ಫೋನಿನ ರೆಕಾರ್ಡ್ ಆರಿಸಿದಳು. “ಎಲ್ಲಾ ಸುಳ್ಳು?”

“ಬಸರಿ ಹೆಣಮಗಳೂ.”

“ಅಮ್ಮಾ, ದಿಸ್ ಈಸ್ ನಾಟ್ ಫನ್ನಿ. ನಾ ಇದನ್ನ ಮೀಟಿಂಗ್‌ನಾಗ ಹೇಳೀನಿ. ನಿಂದೆಲ್ಲಾ ತಗದು ಹಾಕಬೇಕೀಗ. ಯಾಕ? ವೈ ವುಡ್ ಯೂ...” ಫ್ಯಾನು ತಿರುಗುತ್ತಲೇ ಇತ್ತು. ಉಪ್ಪಿನ ಡಬ್ಬಿಯನ್ನು, ಅದರ ಪಕ್ಕದಲ್ಲಿ ಫೋನು ಒರಗಿ ಒರಗಿ ಹಿಟ್ಟು ಅಂಟಿದ ಜಾಗವನ್ನು ಮೇಧಾ ನೋಡುತ್ತಿದ್ದಳು. ಎದ್ದು ಹೋಗಿ ಫ್ಯಾನು ಆರಿಸಿದಳು. ಬಂದು ಮತ್ತೆ ಕೂತಾಗ ಅವಳ ದನಿ ತಗ್ಗಿತ್ತು.

“ಮಂಡೇದಿಂದಾದ್ರೂ ಯೂಸ್ ಮಾಡೀಯೇನು? ಖರೇ?”

“ಖರೇ ಮಾಡೀನಿ.”

“ಹಂಗಾದ್ರ ಅದನ್ನಷ್ಟ ಹೇಳು.”

ನೀಲಾಂಬಿಕಾ ಸೆರಗಿಗೆ ಕೈ ಒರೆಸಿಕೊಂಡು ಮಗಳ ಎದುರು ಕೂತಳು. ಟ್ಯಾಬನ್ನು ಅಂಗೈಯಲ್ಲಿಟ್ಟುಕೊಂಡಳು. ಬ್ಯಾಡ ಎನ್ನುವ ಮಾತು ನಾಲಿಗೆಯ ಮೇಲೇ ಇತ್ತು. ಎದುರಿಗೆ ಮೇಧಾ, ಪರೀಕ್ಷೆಯ ಫಲಿತಾಂಶದ ದಿನ ಕೂರುತ್ತಿದ್ದ ಹಾಗೆ, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು.

“ಛಲೋ ಐತಿ,” ಎಂದಳು ನೀಲಾಂಬಿಕಾ. “ಸುಳ್ಳಲ್ಲ. ಹಗರ ಐತಿ. ಕುಕ್ಕರಿಗೆ ಒರಗಿಸಿದ್ರ ನಿಲ್ಲತೈತಿ. ಆದ್ರ ಇದು ಒಬ್ಬರ ಅಳತಿದ್ದು. ಬಾಜೂಕ ಕುಂತೋರಿಗೆ ಕಾಣಂಗಿಲ್ಲ. ದೊಡ್ಡದಿತ್ತಲಾ, ನಿಮ್ಮಪ್ಪನ್ದು, ಅದು ಇಬ್ಬರದು.”

ಮೇಧಾ ಬರೆದುಕೊಳ್ಳಲು ಫೋನು ತೆಗೆದವಳು, ಬರೆಯದೆ ಹಿಡಿದುಕೊಂಡಳು.

“ಕೊಳ್ತಾರೇನು, ಅಮ್ಮಾ?”

“ಕೊಳ್ತಾರ. ನನ್ನಂಥೋರು ಭಾಳ ಮಂದಿ ಅದಾರ. ಈ ಬಿಲ್ಡಿಂಗಿನ್ಯಾಗ ಎಷ್ಟು ಮಂದಿ ಒಬ್ಬೊಬ್ಬರ ಅದಾರ, ಲಿಫ್ಟಿನ್ಯಾಗ ನಿಂತು ನೋಡು.” ಆಮೇಲೆ ಟ್ಯಾಬನ್ನು ಮೇಜಿನ ಮೇಲಿಟ್ಟಳು. “ದೊಡ್ಡದನ್ನ ನಿಲ್ಲಸ್ತೀವಿ ಅಂದ್ಯಲಾ, ಕೀಬೋರ್ಡು ಕೂಡಿಸಿ ತುಟ್ಟಿ ಮಾಡಿ. ಸಾದಾದ್ದು ಇರಲಿ ಬಿಡು. ಇಬ್ಬರಿದ್ದೋರಿಗೆ ಯಾಕ ತುಟ್ಟಿ ಮಾಡ್ತೀರಿ?”

“ಅದು ನನ್ನ ಕೈಯಾಗಿಲ್ಲ.”

“ಕೇಳಿದಿ, ಹೇಳಿದೆ.”

ಮೇಧಾ ಈಗ ಬರೆದುಕೊಂಡಳು. ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿ ಬರೆದಳು. ಬರೆದದ್ದನ್ನು ಓದಿಕೊಂಡು, “ಇದು... ಇದು ಬೆಸ್ಟ್ ಲೈನ್ ಐತಿ ಅಮ್ಮಾ. ಒಬ್ಬರ ಅಳತಿ. ನನ್ನ ಬಾಸ್ ಇದನ್ನ ಆ್ಯಡ್‌ನಾಗ ಹಾಕ್ತಾನ,” ಎಂದಳು. ಅವಳ ಮುಖದಲ್ಲಿ ಸಂತೋಷವಿತ್ತು. ಅದು ತಾಯಿಗೆ ಕಂಡಿತೆಂದು ತಿಳಿದೊಡನೆ ಅವಳು ಕಣ್ಣು ತಗ್ಗಿಸಿದಳು. “ಇದು ಪಾಸಾದ್ರ, ನಾ ವ್ಯಾಂಕೂವರಿಗೆ ಹೋಗಬೇಕಾಗತೈತಿ.”

“ಹೋಗು. ಹೋಗೂದ್ರಾಗ ಬಿಸಿಬಿಸಿ ರೊಟ್ಟಿ ಹಾಕ್ಲೇನು?”

ಊಟವಾದ ಮೇಲೆ ಮೇಧಾ ಟ್ಯಾಬನ್ನು ಅದರ ಡಬ್ಬದಲ್ಲಿಟ್ಟಳು. ಬೆನ್ನ ಮೇಲೆ ವಿಭೂತಿಯ ಮೂರು ಗೆರೆ ಇನ್ನೂ ಇದ್ದವು. ಒರೆಸಲು ಅಂಗಿಯ ತೋಳು ಎಳೆದುಕೊಂಡವಳು, ಹಾಗೇ ಬಿಟ್ಟು ಮುಚ್ಚಳ ಹಾಕಿದಳು. ಬಂದ ಡಬ್ಬವನ್ನು ಬರಿದೇ ವಾಪಸ್ ಕಳಿಸಬಾರದೆಂದು ನೀಲಾಂಬಿಕಾ ಅದರ ಜೊತೆಗೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಪೊಟ್ಟಣವನ್ನೂ ಚೀಲಕ್ಕೆ ಹಾಕಿದಳು. “ಕಂಪನಿಗೇನು ಇದು?” ಎಂದಳು ಮೇಧಾ. “ಕಂಪನಿಗ್ಯಾಕ, ನಿನಗ,” ಎಂದಳು ನೀಲಾಂಬಿಕಾ.

*

ಸೋಮವಾರ ಬೀದಿದೀಪ ಹತ್ತುವ ಹೊತ್ತಿಗೆ ನೀಲಾಂಬಿಕಾ ಸಣ್ಣ ಕುಕ್ಕರಿನಲ್ಲಿ ಅಕ್ಕಿ ಇಟ್ಟಿದ್ದಳು. ಇನ್ನು ಫೋನು ಬರುವ ಕಾರಣವಿರಲಿಲ್ಲ. ಆದರೂ ಅಂಗಡಿಯಿಂದ ಬಂದವಳೇ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಇಟ್ಟಿದ್ದಳು. ಕೈ ತಾನಾಗಿ ಇಟ್ಟಿತ್ತು. ಹೊರಗೆ ಕೊರೆಯುವ ಚಳಿ. ಕುಕ್ಕರಿನ ಹಬೆಗೆ ಕಿಟಕಿಯ ಗಾಜು ಪೂರಾ ಬೆಳ್ಳಗಾಗಿತ್ತು. ಅದರ ಮೇಲೆ ಅಂಟಿದ್ದ ಪ್ಲಾಸ್ಟಿಕ್ ಹಾಳೆಯೂ ಮಂಜು ಹಿಡಿದು, ಎಲ್ಲಿದೆಯೆಂದು ತಿಳಿಯದಾಗಿತ್ತು.

ಮೊದಲ ಸೀಟಿ ಹೊಡೆಯಿತು. ಅವಳು ಕಟ್ಟೆ ಒರೆಸಿದಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು. ಒಂದು ತಟ್ಟೆ, ಒಂದು ಲೋಟ ತೆಗೆದಿಟ್ಟಳು.

ಎರಡನೆಯ ಸೀಟಿಗೂ ಮೊದಲು ಫೋನು ಬಂತು.

“ಅಮ್ಮಾ.”

“ಹೇಳವ್ವಾ. ಏನಾರ ಬಿಟ್ಟಹೋಗಿತ್ತೇನು? ಮತ್ತ ಏನರ ಕೇಳೂದೈತೇನು?”

“ಇಲ್ಲ. ಟೆಸ್ಟ್ ಮುಗೀತು.” ಆ ಕಡೆ ಕೀಬೋರ್ಡಿನ ಸದ್ದಿರಲಿಲ್ಲ. ಕಾರೋ ಏನೋ ದೂರದಲ್ಲಿ ಹಾದುಹೋಯಿತು. ಮೇಧಾ ಕೇಳಿದಳು, “ಊಟ ಆತೇನು?”

ಆತು ಎನ್ನಲು ನೀಲಾಂಬಿಕಾ ಬಾಯಿ ತೆರೆದಳು. ಒಲೆಯ ಮೇಲೆ ಕುಕ್ಕರು ಬುಸುಗುಡುತ್ತಿತ್ತು.

“ಇನ್ನಾ ಇಲ್ಲ,” ಎಂದಳು.

“ನಂದೂ ಇಲ್ಲ,” ಎಂದಳು ಮೇಧಾ. ಫೋನನ್ನು ಇಬ್ಬರೂ ಇಡಲಿಲ್ಲ.

ನೀಲಾಂಬಿಕಾ ಕಿಟಕಿಯ ಹತ್ತಿರ ಹೋಗಿ, ಬೆರಳಾಡಿಸಿ, ಹಾಳೆಯ ಮೂಲೆ ಹುಡುಕಿ ಎಳೆದಳು. ಬೆಳ್ಳಗಾದ ಗಾಜಿನ ನಡುವೆ ಅಂಗೈಗಿಂತ ತುಸು ದೊಡ್ಡದಾದ ಜಾಗವೊಂದು ತಿಳಿಯಾಗಿ ತೆರೆದುಕೊಂಡಿತು. ಅದರೊಳಗೆ ಕೆಳಗಿನ ಬಸ್ ಸ್ಟಾಪು ಕಂಡಿತು. ಬಸ್ಸೊಂದು ಬಂದು ನಿಂತು, ಒಳಗಿನ ದೀಪದ ಬೆಳಕನ್ನು ಹಿಮದ ಮೇಲೆ ಚೆಲ್ಲಿ, ಯಾರೂ ಇಳಿಯದೆ, ಬಾಗಿಲು ಮುಚ್ಚಿಕೊಂಡು ಮುಂದೆ ಹೋಯಿತು. ತಿಳಿಯಾಗಿದ್ದ ಜಾಗಕ್ಕೆ ಅಂಚಿನಿಂದ ಮೆಲ್ಲಗೆ ಮಂಜು ಹತ್ತತೊಡಗಿತು.